ಮಲಗಿದವನ ಲೆಕ್ಕ

ಸಕ್ಕರೆ ಕಾಯಿಲೆ ಎಂದ ಡಾಕ್ಟರು ಚೀಟಿ ಬರೆದು ಕಳಿಸಿದ್ದು
ಗುಡ್ಡದ ಬುಡದ ಮುನಿಸಿಪಾಲಿಟಿ ಜಿಮ್ಮಿಗೆ.
ವಾಲ್ಪರೈಸೊ ಬಂದರಿನ ಹಳೆಯ ಉಗ್ರಾಣ ಅದು;
ಕಾಲಿಟ್ಟೊಡನೆ ಮೂಗಿಗೆ ಗೊತ್ತಾಯಿತು,
ಇಲ್ಲೇ, ಈ ಕಂಬದ ಪಕ್ಕ,
ನಾನು ಮೂಟೆ ಇಳಿಸುತ್ತಿದ್ದೆ.
ಈಗ ಗೋಡೆಯುದ್ದ ಕನ್ನಡಿ.

ಹೇಳಿಕೊಡುವವಳು ಯಾಸ್ನಾ. ಇಪ್ಪತ್ತಾರು ಇರಬಹುದು.
ಕೈಯಲ್ಲಿ ಸೀಮೆಸುಣ್ಣ, ಕೊರಳಲ್ಲಿ ಸೀಟಿ.
‘ದೊನ್ ಬೆಲಿಸಾರಿಯೊ, ಮೊದಲು ಪದಗಳು,
ಆಮೇಲೆ ಕಬ್ಬಿಣ’ ಅಂದಳು.

ಒಂದು ಸಲ ಎತ್ತಿ ಇಳಿಸಿದರೆ ರೆಪ್.
ಹನ್ನೆರಡು ರೆಪ್ಪಿಗೆ ಒಂದು ಸೆಟ್.
ಸೆಟ್ಟಿಗೂ ಸೆಟ್ಟಿಗೂ ನಡುವೆ ವಿಶ್ರಾಂತಿ, ತೊಂಬತ್ತು ಸೆಕೆಂಡು.
‘ಅದೂ ವ್ಯಾಯಾಮವೇ, ತಪ್ಪಿಸಬೇಡಿ.’
ನಾನು ನಕ್ಕೆ.
ನಮ್ಮ ಮೇಸ್ತ್ರಿ ಒನೊಫ್ರೆ ಇದನ್ನು ಕೇಳಿಸಿಕೊಂಡಿದ್ದರೆ
ಕೈಯ ಕೊಕ್ಕೆ ಜಾರಿ ನೀರಿಗೆ ಬೀಳುತ್ತಿತ್ತು.
ಹಡಗಿನಿಂದ ಲಾರಿಗೆ ಇನ್ನೂರು ಮೂಟೆ,
ಒಂದೊಂದೂ ಎಂಬತ್ತು ಕಿಲೊ,
ಅದೆಲ್ಲ ಸೇರಿ ಒಂದೇ ಸೆಟ್ಟು.

ನೆಲದ ಸರಳನ್ನು ಬಾಗಿ ಹಿಡಿದು ಎದ್ದು ನಿಲ್ಲುವುದಕ್ಕೆ
ನಮ್ಮ ಸ್ಪ್ಯಾನಿಷಿನಲ್ಲಿ ‘ಸತ್ತ ಭಾರ’ ಎನ್ನುತ್ತಾರೆ.
ಎರಡು ಸಲ ಕೇಳಿದೆ, ಸರಿಯಾಗಿ ಕೇಳಿಸಿತೇ ಎಂದು.
ಸತ್ತ ಭಾರ ನಾನು ಹೊತ್ತಿದ್ದೇನೆ ಮಗಳೇ.
ಏಣಿ ತಪ್ಪಿ ಹಡಗಿನ ಹೊಟ್ಟೆಗೆ ಬಿದ್ದ ಹಿಗಿನಿಯೊ;
ಮೂಟೆಗಿಂತ ಹಗುರ ಇದ್ದ,
ಆದರೂ ನಾಲ್ವರು ಬೇಕಾದೆವು.
ಇದನ್ನು ಹೇಳಲಿಲ್ಲ. ಸರಳು ಹಿಡಿದೆ.
‘ಬೆನ್ನು ನೇರ’ ಎನ್ನಹೊರಟವಳು
ನಾನೆತ್ತಿದ್ದು ನೋಡಿ ‘ಯಾರು ಕಲಿಸಿದ್ದು?’ ಅಂದಳು.

ಬಿಎಂಐ ಅನ್ನುವುದು ಒಂದು ಅಂಕಿ. ನನ್ನದು ಇಪ್ಪತ್ತೊಂಬತ್ತು.
ಅದಕ್ಕೆ ಸ್ನಾಯು ಯಾವುದು, ಕೊಬ್ಬು ಯಾವುದು ತಿಳಿಯದಂತೆ.
ಸುಂಕದ ಗುಮಾಸ್ತರ ಹಾಗೆ,
ತೂಕ ಬರೆದುಕೊಳ್ಳುತ್ತದೆ, ಮೂಟೆ ಬಿಚ್ಚುವುದಿಲ್ಲ.

‘ಖಾಲಿ ಕ್ಯಾಲೊರಿ’ ಅಂದಾಗ ಮಾತ್ರ ಜಗಳವಾಡಿದೆ.
ಹೊಟ್ಟೆ ಖಾಲಿ ಇರುತ್ತದೆ, ಕ್ಯಾಲೊರಿ ಹೇಗೆ ಖಾಲಿ?
ಹರಿದ ಮೂಟೆಯಿಂದ ಉದುರಿದ ಸಕ್ಕರೆಗೆ ಬೆರಳದ್ದಿ ನೆಕ್ಕಿ
ಮಧ್ಯಾಹ್ನದ ತನಕ ನಿಂತವರು ನಾವು.
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು
‘ಶಕ್ತಿ ಇದೆ, ಜೊತೆಗೆ ಬೇರೇನೂ ಇಲ್ಲ, ಅಷ್ಟೇ ಅರ್ಥ’ ಅಂದಳು.
ಹಾಗಾದರೆ ನಮ್ಮ ಸಂಬಳವೂ ಅದೇ ಜಾತಿ.

ಮೂರನೆಯ ವಾರ ಬೋರ್ಡಿನ ಮೇಲೆ ಬರೆದಳು:
ತಳದ ಚಯಾಪಚಯ.
‘ಏನೂ ಮಾಡದೆ ಇಡೀ ದಿನ ಮಲಗಿದ್ದರೂ
ನಿಮ್ಮ ಮೈ ಉರಿಸುವ ಶಕ್ತಿ.
ಹೃದಯ, ಮಿದುಳು, ಮೂತ್ರಪಿಂಡ,
ಯಾವುದಕ್ಕೂ ರಜೆಯಿಲ್ಲ.
ನಿಮಗೆ ದಿನಕ್ಕೆ ಸುಮಾರು ಸಾವಿರದ ಐನೂರು.’

ಬೆಂಚಿನ ಮೇಲೆ ಕೂತುಬಿಟ್ಟೆ.

ಕ್ರೇನು ಬಂದ ವರ್ಷ ಅದು.
ಮೂಟೆಗಳೆಲ್ಲ ಕಬ್ಬಿಣದ ಡಬ್ಬಿ ಹೊಕ್ಕವು,
ನಾವು ನಲವತ್ತು ಮಂದಿ ಮನೆ ಹೊಕ್ಕೆವು.
ಏಳು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದೆ.
ಎರ್ಮಿಂದಾ ಬೇರೆಯವರ ಬಟ್ಟೆ ಒಗೆದು ತಂದ
ನಾಲ್ಕು ಹೋಳಿನ ಬ್ರೆಡ್ಡಿನಲ್ಲಿ ಎರಡು ನನ್ನ ಮುಂದಿಟ್ಟರೆ
ತಟ್ಟೆ ತಳ್ಳುತ್ತಿದ್ದೆ: ‘ದುಡಿಯದವನಿಗೆ ಎಂಥ ಬ್ರೆಡ್ಡು?
ಊಟಕ್ಕುಂಟು, ಲೆಕ್ಕಕ್ಕಿಲ್ಲ.’
ಅವಳು ಒದ್ದೆ ಅಂಗೈಯನ್ನು ನನ್ನ ಎದೆಯ ಮೇಲಿಟ್ಟು
‘ಇದು ಇನ್ನೂ ಪಾಳಿಯಲ್ಲಿದೆ. ಇದಕ್ಕೆ ಕೊಡು’ ಅನ್ನುತ್ತಿದ್ದಳು.
ಸಿಟ್ಟು ಬರುತ್ತಿತ್ತು ನನಗೆ.

ಅವಳು ಹೋಗಿ ಒಂಬತ್ತು ವರ್ಷ.

‘ಸುಸ್ತಾ? ನೀರು ಬೇಕಾ?’ ಅಂದಳು ಯಾಸ್ನಾ.
‘ಇಲ್ಲ, ಆ ಅಂಕಿ ಇನ್ನೊಮ್ಮೆ ಹೇಳು.’
ಡಾಕ್ಟರ ಚೀಟಿಯ ಹಿಂದೆ ಬರೆದುಕೊಂಡೆ.
ಏಳು ತಿಂಗಳಿಗೆ ಎಷ್ಟಾಯಿತೆಂದು ಗುಣಿಸುತ್ತ
ಗುಡ್ಡದ ಮೆಟ್ಟಿಲು ಹತ್ತಿದೆ.
ಮೂರು ಲಕ್ಷದ ಹದಿನೈದು ಸಾವಿರ.
ಒಬ್ಬನೂ ಕೂಲಿ ಬರೆಯಲಿಲ್ಲ.
ನಡುವೆ ಬಂದರಿನ ಕಡೆ ತಿರುಗಿ
ತೊಂಬತ್ತು ಸೆಕೆಂಡು ನಿಂತೆ, ನಾಚಿಕೆಯಿಲ್ಲದೆ.

ಮೇಲಿನ ಬೇಕರಿಯ ಹುಡುಗ ಬ್ರೆಡ್ಡು ಸುತ್ತುತ್ತಿದ್ದ.
‘ಎರಡೇ ಹೋಳು ಸಾಕು’ ಅಂದೆ,
‘ಸಕ್ಕರೆ ಇದೆ.’